ಹಲ್ಲು ಎಣಿಸುವುದು

ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬಾರದಂತೆ.
ಇದು ದಾನವಲ್ಲ, ಆರು ಸಾವಿರದ ಐನೂರು ಡಾಲರು.
ಮಂಡಿಯೂರಿ ಎಣಿಸುತ್ತೇನೆ:
ನೆಲದ ಹುಲ್ಲು ಬಾಚಿ ಬಾಯಿಗಿಡುವ ತಂತಿಹಲ್ಲುಗಳಲ್ಲಿ
ಏಳು ಮುರಿದಿವೆ, ಎರಡು ಸೊಟ್ಟ,
ಒಂದಕ್ಕೆ ಯಾವ ಕಾಲದ್ದೋ ಬೇಲಿಯ ಮುಳ್ಳುತಂತಿ
ಸುತ್ತಿಕೊಂಡು ತುಕ್ಕು ಹಿಡಿದಿದೆ.

ಆರ್ನೆ ಸ್ಟೆನ್ಸ್‌ರುಡ್ ಮಾತಾಡುವುದಿಲ್ಲ.
ಶೆಡ್ಡಿನ ಬಾಗಿಲಿಗೆ ಒರಗಿ
ಥರ್ಮಾಸಿನ ಮುಚ್ಚಳದಲ್ಲಿ ಕಾಫಿ ಆರಿಸುತ್ತಿದ್ದಾನೆ.
ಉತ್ತರ ಡಕೋಟದ ಈ ಮಂದಿ, ನಾನೂ ಅವರಲ್ಲೊಬ್ಬಳೇ,
ಮಾರುವಾಗ ಹೊಗಳಿದರೆ ಸುಳ್ಳು ಹೇಳಿದಂತೆ ಎಂದು ನಂಬಿದವರು.
ಏಪ್ರಿಲ್ ಕೊನೆ. ಹಳ್ಳದ ನೆರಳಲ್ಲಿ ಇನ್ನೂ ಕೊಳಕು ಹಿಮ.

ನಿನ್ನೆ ಪಟ್ಟಣದಲ್ಲಿ ಇನ್ನೊಂದು ನೋಡಿ ಬಂದೆ.
ಮದುವೆಮನೆಯ ಹಾಗೆ ಬಣ್ಣ ಬಳಿಸಿಕೊಂಡು ನಿಂತಿತ್ತು.
ಡೀಲರಿನ ಹುಡುಗ ಅದರ ಬೆನ್ನು ತಟ್ಟಿದ,
ಕಂತಿನ ಕಾಗದ ಬಿಡಿಸಿದ,
ಬಲೆ ಸುತ್ತುವ ಗುಂಡಿ ಒತ್ತಿ ತೋರಿಸಿದ.
ಪಕ್ಕದ ತಗಡು ನಾನೇ ಎತ್ತಿದೆ.
ಚೈನಿಗೂ ಬಣ್ಣ! ಒಂದೊಂದು ಕೊಂಡಿಗೂ!
ಗ್ರೀಸು, ಹೊಟ್ಟು, ಸತ್ತ ಮಿಡತೆ, ಎಲ್ಲದರ ಮೇಲೂ ಹಸಿರು.
ಓಡದ ಚೈನು ಮಾತ್ರ ಅಷ್ಟು ಚೆಂದ ಇರುತ್ತದೆ.

ಹನ್ನೊಂದು ವರ್ಷ ಕೆರ್ಮಿಟ್ ಬಂದು ನಮ್ಮ ಹುಲ್ಲು ಕಟ್ಟಿಕೊಟ್ಟ,
ಉಂಡೆಗಿಷ್ಟು ಎಂದು ಕಾಸು. ಒಳ್ಳೆಯವನೇ.
ಆದರೆ ಮೊದಲು ಅವನ ಹೊಲ,
ಆಮೇಲೆ ಅವನ ಅಳಿಯನದು,
ಆಮೇಲೆ ಮಳೆ,
ಆಮೇಲೆ ನಮ್ಮದು.
ಕಪ್ಪಾದ ಹುಲ್ಲನ್ನು ಜನವರಿಯಲ್ಲಿ ಬಿಚ್ಚಿ ಹಾಕಿದರೆ
ಮೂವತ್ತೆಂಟು ಹಸುಗಳು ತಲೆಯೆತ್ತಿ ನನ್ನ ಮುಖ ನೋಡುತ್ತವೆ.
ನಾನು ಕೇಳುವುದು ಜುಲೈನ ಒಂದು ಮಧ್ಯಾಹ್ನ,
ಎರಡರಿಂದ ಆರರವರೆಗೆ,
ನನ್ನ ಹೆಸರಿನಲ್ಲಿ.

ಬೆಲ್ಟುಗಳು ಆರು. ಬೆರಳು ಹಾಯಿಸುತ್ತೇನೆ.
ಅಂಚು ನೂಲು ಬಿಟ್ಟಿದೆ, ಬಿಸಿಲಿನ ಬಿರುಕಿಲ್ಲ;
ಸೂರಿನಡಿ ಬಾಳಿದ್ದು, ಸರಿ.
ಮೂರನೆಯದನ್ನು ಕತ್ತರಿಸಿ ಮತ್ತೆ ಹೊಲಿದಿದ್ದಾರೆ.
"ಉಳಿದವಕ್ಕಿಂತ ಮೂರಿಂಚು ಗಿಡ್ಡ," ಎಂದ ಆರ್ನೆ.
ಅದೇ ಅವನ ಮೊದಲ ಮಾತು.
"ಉಂಡೆ ಕೊಂಚ ಎಡಕ್ಕೆ ವಾಲುತ್ತದೆ. ಈಗೀಗ ನಾನೂ."

ಆಮೇಲೆ ಎಡಗಡೆಯ ಬೇರಿಂಗಿನ ಹತ್ತಿರ ಕರೆದ.
ಕೈಗವಸು ತೆಗೆದ. ನಾಣ್ಯದಗಲ ಸುಟ್ಟ ಕಲೆ.
ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಾರೆ;
ಇಲ್ಲಿ ಯಂತ್ರದ ಹುಣ್ಣಿಗೆ ಅವನ ಅಂಗೈಯೇ ಕನ್ನಡಿ.
"ಇಪ್ಪತ್ತು ಉಂಡೆಗೊಮ್ಮೆ ಎಂಜಿನ್ ಆರಿಸಿ ಇಳಿ, ಮುಟ್ಟು.
ಹೀಗಲ್ಲ, ಹಿಂಗೈಯಲ್ಲಿ,
ನಿಮ್ಮಜ್ಜಿ ಲೆಫ್ಸೆಯ ಹೆಂಚಿನ ಕಾವು ನೋಡುತ್ತಿದ್ದಳಲ್ಲ, ಹಾಗೆ.
ಕೈ ನಿಲ್ಲದಿದ್ದರೆ ಅವತ್ತಿಗೆ ಸಾಕು, ಮನೆಗೆ ಹೋಗು.
'ಇನ್ನೆರಡೇ ಉಂಡೆ' ಅಂದವರ ಟ್ರ್ಯಾಕ್ಟರು
ಈ ರಸ್ತೆಯ ಮೇಲೇ ಮೂರು ಉರಿದಿವೆ."

ಕಾಫಿ ಮುಗಿಯಿತು. ಮುಚ್ಚಳ ಕೊಡವಿ ತಿರುಗಿಸಿ ಹಾಕಿದ.

ಹಿಂಬಾಗಿಲು ಎತ್ತಿ ಎಂದೆ. ತಡೆದ. ನಂತರ ಎತ್ತಿದ.
ಒಳಗೊಂದು ಅರ್ಧ ಉಂಡೆ,
ನುಂಗಲೂ ಆಗದೆ ಉಗುಳಲೂ ಆಗದೆ ಉಳಿದ ತುತ್ತು.
"ಹೋದ ವರ್ಷದ ಹಿಂದಿನ ಆಗಸ್ಟು.
ಹುಲ್ಲು ಅಷ್ಟಕ್ಕೇ ಮುಗಿಯಿತು," ಎಂದ.
"ಅಕ್ಟೋಬರಿನಲ್ಲಿ ದನವನ್ನೂ ಕಳಿಸಿದೆ."
ಎಣಿಕೆಯ ಡಬ್ಬಿ ಒಂಬತ್ತು ಸಾವಿರದ ಆರುನೂರ ಹದಿನಾಲ್ಕು ಎನ್ನುತ್ತದೆ.
ಇದು ಆ ಲೆಕ್ಕದಲ್ಲಿಲ್ಲ.

ಇಬ್ಬರೂ ತೋಳು ಕೊಟ್ಟು ಎಳೆದು ಉರುಳಿಸಿದೆವು.
ಇಲಿಗೂಡು, ಬೂದಿಬಣ್ಣದ ಧೂಳು, ಇಬ್ಬರಿಗೂ ಕೆಮ್ಮು.
ಸೀಳಿದ ನಡುವಿನಲ್ಲಿ ಮಾತ್ರ
ಮುಷ್ಟಿಯಷ್ಟು ಹಸಿರು ಉಳಿದಿತ್ತು.
ಆರ್ನೆ ಒಂದೆಳೆ ಕಿತ್ತು, ಮೂಸಿ, ಬಾಯಲ್ಲಿ ಕಚ್ಚಿಕೊಂಡ.

"ಆ ಏಳು ಹಲ್ಲಿಗೆ ಎಷ್ಟು ಕಳೆಯುತ್ತೀ?" ಎಂದ.
"ಒಂಬತ್ತು," ಎಂದೆ.
"ಸೊಟ್ಟವೂ ಸೇರಿ."